ಕಾಯಕವನ್ನು ಬಿಡದೆ ಮೇಲೇರುವ ದಾರಿ: ಸರ್ಕಾರಿ ಆಸ್ಪತ್ರೆಗಳ ಸಹ ಆರೋಗ್ಯ ವೃತ್ತಿಪರರ ಬಡ್ತಿಯ ಪ್ರಶ್ನೆ



ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಹಾಗೂ ಪಿಯುಸಿ ಫಲಿತಾಂಶಗಳು ಪ್ರಕಟವಾದ ಮೇಲೆ ಶ್ರೀಮಠಕ್ಕೆ ಬರುವ ಭಕ್ತರಲ್ಲಿ ಅನೇಕರು, ಪೂಜ್ಯರ ದರ್ಶನಾಶೀರ್ವಾದ ಪಡೆದ ಬಳಿಕ ಮಕ್ಕಳ ಮುಂದಿನ ಓದಿನ ವಿಚಾರವನ್ನು ನಮ್ಮ ಮುಂದಿಡುತ್ತಾರೆ. ವೈದ್ಯಕೀಯ ಸೀಟು ಕೈಗೆಟುಕದು. ಇಂಜಿನಿಯರಿಂಗ್‌ನಲ್ಲಿ ಮಗುವಿಗೆ ಮನಸ್ಸಿಲ್ಲ. ಲ್ಯಾಬ್ ಟೆಕ್ನಾಲಜಿ, ಎಕ್ಸ್-ರೇ, ಡಯಾಲಿಸಿಸ್, ಆಪರೇಷನ್ ಥಿಯೇಟರ್, ಫಿಸಿಯೋಥೆರಪಿ ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ಅವರ ಪ್ರಶ್ನೆ. ಓದು ಮುಗಿದರೆ ಕೆಲಸ ಸಿಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಕೆಲಸ ಸಿಕ್ಕ ಇಪ್ಪತ್ತು ವರ್ಷಗಳ ಬಳಿಕ ನಮ್ಮ ಮಗಳು ಎಲ್ಲಿರುತ್ತಾಳೆ ಎಂದು ಕೇಳುವವರು ವಿರಳ. ಪ್ರಸ್ತುತ ಲೇಖನವು ಆ ಎರಡನೆಯ ಪ್ರಶ್ನೆಯನ್ನು ಕುರಿತದ್ದು.

ಈ ಪ್ರಶ್ನೆ ಕೆಲವು ಕುಟುಂಬಗಳಿಗೆ ಮಾತ್ರ ಸೇರಿದ್ದೆಂದು ಭಾವಿಸಬಾರದು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸುವವರು, ಕ್ಷ-ಕಿರಣ ಯಂತ್ರವನ್ನು ನಡೆಸುವವರು, ಮೂತ್ರಪಿಂಡ ಸೋತವರಿಗೆ ಡಯಾಲಿಸಿಸ್ ಮಾಡುವವರು ಅನುಭವಿಗಳಾಗಿರುವರೋ ಅಥವಾ ಎರಡು ವರ್ಷ ನಿಂತು ಹೊರಟುಹೋಗುವ ಹೊಸಬರಾಗಿರುವರೋ ಎಂಬುದು ಈ ಪ್ರಶ್ನೆಗೆ ಸಿಗುವ ಉತ್ತರವನ್ನು ಬಹುಮಟ್ಟಿಗೆ ಅವಲಂಬಿಸಿದೆ.

‘ಅರೆ’ ಎಂಬ ಪೂರ್ವಪದ

ವೈದ್ಯರೂ ಶುಶ್ರೂಷಕರೂ ಅಲ್ಲದ, ಆದರೆ ರೋಗನಿರ್ಣಯಕ್ಕೂ ಚಿಕಿತ್ಸೆಗೂ ಅನಿವಾರ್ಯರಾದ ಈ ವೃತ್ತಿಪರರನ್ನು ನಾವು ಬಹುಕಾಲದಿಂದ ‘ಅರೆವೈದ್ಯಕೀಯ ಸಿಬ್ಬಂದಿ’ ಎಂದು ಕರೆಯುತ್ತ ಬಂದಿದ್ದೇವೆ. ‘ಅರೆ’ ಎಂದರೆ ಅರ್ಧ. ತನ್ನ ಕೆಲಸದಲ್ಲಿ ಪೂರ್ಣ ಪರಿಣತಿಯುಳ್ಳ ವ್ಯಕ್ತಿಯನ್ನು ಮತ್ತೊಬ್ಬರ ಅರ್ಧವೆಂದು ಅಳೆಯುವ ದೃಷ್ಟಿ ಈ ಪದದಲ್ಲಿಯೇ ಅಡಗಿದೆ. ಪ್ರಯೋಗಶಾಲೆಯಲ್ಲಿ ಕಫದ ಮಾದರಿಯನ್ನು ಸೂಕ್ಷ್ಮದರ್ಶಕದಡಿ ನೋಡಿ ಕ್ಷಯವನ್ನು ಗುರುತಿಸುವವರ ವಿದ್ಯೆ ವೈದ್ಯವಿದ್ಯೆಯ ಅರ್ಧಭಾಗವಲ್ಲ. ಅದೊಂದು ಬೇರೆಯೇ ವಿದ್ಯೆ. ಅವರ ವರದಿ ತಪ್ಪಿದರೆ ಎಂಥ ನಿಪುಣ ವೈದ್ಯರ ಔಷಧವೂ ತಪ್ಪುವುದು.

ಇತ್ತೀಚಿನ ವರ್ಷಗಳಲ್ಲಿ ಈ ಹೆಸರು ಬದಲಾಗತೊಡಗಿದೆ. ಅರೆವೈದ್ಯಕೀಯ ಎಂಬ ಭಾವನೆಯಿಂದ ‘ಸಹ ಆರೋಗ್ಯ ವೃತ್ತಿಪರರು’ ಎಂಬ ಭಾವನೆಗೆ ಸಾಗಬೇಕೆಂದು 2012ರಲ್ಲಿ ರಾಷ್ಟ್ರಮಟ್ಟದ ವರದಿಯೊಂದು ಪ್ರತಿಪಾದಿಸಿತು. ಸರ್ಕಾರಿ ಸೇವೆಯಲ್ಲಿರುವ ಶುಶ್ರೂಷಕರು ಇಂದು ‘ಶುಶ್ರೂಷಾಧಿಕಾರಿ’ಗಳೆಂದೂ ಫಾರ್ಮಾಸಿಸ್ಟರು ‘ಫಾರ್ಮಸಿ ಅಧಿಕಾರಿ’ಗಳೆಂದೂ ಕರೆಯಲ್ಪಡುತ್ತಾರೆ. ಹೆಸರಿನ ಗೌರವ ಸ್ವಾಗತಾರ್ಹವೇ. ಆದರೆ ಹೆಸರು ಬದಲಾದ ಮಾತ್ರಕ್ಕೆ ದಾರಿ ತೆರೆಯುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಫಿಸಿಯೋಥೆರಪಿಸ್ಟರು ತಮ್ಮ ಹೆಸರಿನ ಹಿಂದೆ ‘ಡಾ.’ ಎಂದು ಬರೆದುಕೊಳ್ಳಬಾರದೆಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು 9ರಂದು ಪತ್ರ ಬರೆದು, ಮರುದಿನವೇ ಅದನ್ನು ಹಿಂಪಡೆದ ಪ್ರಸಂಗವನ್ನು ಓದುಗರು ಬಲ್ಲರು. ಎರಡು ಅಕ್ಷರಗಳ ಸುತ್ತ ದೇಶವ್ಯಾಪಿ ಚರ್ಚೆ ನಡೆಯಿತು. ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿಸ್ಟರೊಬ್ಬರು ಸೇವೆಗೆ ಸೇರಿದ ಹುದ್ದೆಯಿಂದ ಮುಂದೆ ಎಲ್ಲಿಗೆ ಹೋಗಬಹುದೆಂಬ ಚರ್ಚೆಗೆ ಅದರ ಕಾಲುಭಾಗದಷ್ಟಾದರೂ ಉತ್ಸಾಹ ದೊರೆತಿದ್ದರೆ ಹೆಚ್ಚು ಉಪಕಾರವಾಗುತ್ತಿತ್ತು.

2021ರ ಕಾಯ್ದೆ ಕೊಟ್ಟದ್ದೇನು?

ಭಾರತದಲ್ಲಿ ಶುಶ್ರೂಷಕರಿಗೆ 1947ರಿಂದಲೂ ಫಾರ್ಮಾಸಿಸ್ಟರಿಗೆ 1948ರಿಂದಲೂ ಕೇಂದ್ರ ಕಾಯ್ದೆಗಳ ಆಧಾರವಿದೆ. ಉಳಿದ ಹತ್ತಾರು ವೃತ್ತಿಗಳಿಗೆ ಅಂಥ ಆಧಾರ ದೊರೆಯಲು 2021ರವರೆಗೆ ಕಾಯಬೇಕಾಯಿತು. ಕೋವಿಡ್ ಕಾಲದಲ್ಲಿ ಗಂಟಲುದ್ರವ ಪರೀಕ್ಷೆ ಮಾಡಿದವರು, ವೆಂಟಿಲೇಟರುಗಳ ಪಕ್ಕದಲ್ಲಿ ನಿಂತವರು ಯಾರೆಂಬುದು ಸಮಾಜಕ್ಕೆ ಅರಿವಾದ ಹೊತ್ತಿನಲ್ಲಿಯೇ ಸಂಸತ್ತು ‘ರಾಷ್ಟ್ರೀಯ ಸಹ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆ’ಯನ್ನು ಆ ವರ್ಷದ ಮಾರ್ಚ್‌ನಲ್ಲಿ ಅಂಗೀಕರಿಸಿತು. ಕಾಯ್ದೆಯ ಅನುಸೂಚಿಯು ಐವತ್ತಕ್ಕೂ ಹೆಚ್ಚು ವೃತ್ತಿಗಳನ್ನು 10 ವರ್ಗಗಳಲ್ಲಿ ಗುರುತಿಸಿದೆ. ಪ್ರಯೋಗಶಾಲಾ ವಿಜ್ಞಾನ, ಅರಿವಳಿಕೆ ಮತ್ತು ಶಸ್ತ್ರಚಿಕಿತ್ಸಾ ತಂತ್ರಜ್ಞಾನ, ಫಿಸಿಯೋಥೆರಪಿ, ಪೋಷಣಶಾಸ್ತ್ರ, ನೇತ್ರವಿಜ್ಞಾನ, ಆಕ್ಯುಪೇಷನಲ್ ಥೆರಪಿ, ವಿಕಿರಣ ಮತ್ತು ಇಮೇಜಿಂಗ್, ಆರೋಗ್ಯ ಮಾಹಿತಿ ನಿರ್ವಹಣೆ ಮೊದಲಾದವು ಅದರಲ್ಲಿವೆ.

ಕಾಯ್ದೆಯು ಎರಡು ಬಾಗಿಲುಗಳನ್ನು ನಿರೂಪಿಸುತ್ತದೆ. ಎರಡರಿಂದ ನಾಲ್ಕು ವರ್ಷಗಳ ಅವಧಿಯಲ್ಲಿ ಕನಿಷ್ಠ 2,000 ಗಂಟೆಗಳ ಶಿಕ್ಷಣ ಪಡೆದವರು ‘ಸಹ ಆರೋಗ್ಯ ವೃತ್ತಿಪರರು’. ಮೂರರಿಂದ ಆರು ವರ್ಷಗಳ ಅವಧಿಯಲ್ಲಿ ಕನಿಷ್ಠ 3,600 ಗಂಟೆಗಳ ಶಿಕ್ಷಣ ಪಡೆದವರು ‘ಆರೋಗ್ಯ ವೃತ್ತಿಪರರು’. ರಾಷ್ಟ್ರೀಯ ಆಯೋಗ, ರಾಜ್ಯ ಪರಿಷತ್ತುಗಳು, ಕೇಂದ್ರ ಹಾಗೂ ರಾಜ್ಯ ನೋಂದಣಿ ಪುಸ್ತಕಗಳು, ಶಿಕ್ಷಣದ ಕನಿಷ್ಠ ಗುಣಮಟ್ಟ ಇವೆಲ್ಲವೂ ಕಾಯ್ದೆಯಲ್ಲಿವೆ. ಅನುಷ್ಠಾನ ನಿಧಾನವಾದಾಗ ಸರ್ವೋಚ್ಚ ನ್ಯಾಯಾಲಯವು 2024ರ ಆಗಸ್ಟ್‌ನಲ್ಲಿ ಕೇಂದ್ರಕ್ಕೂ ರಾಜ್ಯಗಳಿಗೂ ಎರಡು ತಿಂಗಳ ಗಡುವು ವಿಧಿಸಿತು. 2025ರ ಏಪ್ರಿಲ್‌ನಲ್ಲಿ ಹತ್ತು ವೃತ್ತಿಗಳಿಗೆ ದೇಶಕ್ಕೆಲ್ಲ ಏಕರೂಪವಾದ ಹೊಸ ಪಠ್ಯಕ್ರಮ ಬಿಡುಗಡೆಯಾಯಿತು. ಈ ಕಾಯ್ದೆಯ ವ್ಯಾಪ್ತಿಗೆ ಬರುವ ಕೋರ್ಸುಗಳನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಕ್ರಮದಲ್ಲಿ ನಡೆಸಕೂಡದೆಂದು ಯುಜಿಸಿಯು ಅದೇ ವರ್ಷ ಸೂಚಿಸಿತು.

ಇವೆಲ್ಲ ಒಳ್ಳೆಯ ಹೆಜ್ಜೆಗಳು. ಆದರೆ ಇವು ಯಾವ ಪ್ರಶ್ನೆಗೆ ಉತ್ತರ ಕೊಡುತ್ತವೆ ಎಂಬುದನ್ನು ಸ್ಪಷ್ಟವಾಗಿ ತಿಳಿಯಬೇಕು. ವೃತ್ತಿಯೊಳಗೆ ಯಾರು ಬರಬಹುದು, ಎಷ್ಟು ಓದಿ ಬರಬೇಕು, ಯಾವ ಹೆಸರಿನಲ್ಲಿ ನೋಂದಾಯಿಸಿಕೊಳ್ಳಬೇಕು ಎಂಬ ಪ್ರಶ್ನೆಗಳಿಗೆ ಇವು ಉತ್ತರಿಸುತ್ತವೆ. ಒಳಗೆ ಬಂದವರು ಹೇಗೆ ಮುಂದುವರಿಯಬೇಕು ಎಂಬ ಪ್ರಶ್ನೆಗಲ್ಲ. ಮಾನ್ಯತೆ ಬೇರೆ, ಮುನ್ನಡೆ ಬೇರೆ. ಮೊದಲನೆಯದನ್ನು ಸಂಸತ್ತು ಕೊಟ್ಟಿದೆ. ಎರಡನೆಯದು ಬಹುಪಾಲು ರಾಜ್ಯ ಸರ್ಕಾರದ ಕೈಯಲ್ಲಿದೆ.

ಬಡ್ತಿಯೂ ವೇತನ ಬಡ್ತಿಯೂ

ನಮ್ಮ ರಾಜ್ಯದಲ್ಲಿ ಸರ್ಕಾರಿ ನೌಕರರ ಹುದ್ದೆಗಳು, ಅರ್ಹತೆ, ನೇರ ನೇಮಕಾತಿ ಮತ್ತು ಬಡ್ತಿಯ ಪ್ರಮಾಣ ಇವೆಲ್ಲವೂ 1978ರ ಕರ್ನಾಟಕ ರಾಜ್ಯ ಸಿವಿಲ್ ಸೇವೆಗಳ ಕಾಯ್ದೆಯಡಿ ರಚಿತವಾಗುವ ವೃಂದ ಮತ್ತು ನೇಮಕಾತಿ ನಿಯಮಗಳಿಂದ ನಿರ್ಧಾರವಾಗುತ್ತವೆ. ಒಂದು ವೃತ್ತಿಗೆ ಎಷ್ಟು ಮೆಟ್ಟಿಲುಗಳಿವೆ, ಪ್ರತಿ ಮೆಟ್ಟಿಲಿನಲ್ಲಿ ಎಷ್ಟು ಹುದ್ದೆಗಳಿವೆ ಎಂಬುದನ್ನು ತಿಳಿಯಲು ಆ ನಿಯಮಗಳನ್ನೇ ನೋಡಬೇಕು.

ಇಲ್ಲಿ ಸಾಮಾನ್ಯರಿಗೆ ಗೊಂದಲವಾಗುವ ಒಂದು ವಿಷಯವಿದೆ. ಹತ್ತು ವರ್ಷ ಒಂದೇ ಹುದ್ದೆಯಲ್ಲಿದ್ದವರಿಗೆ ಕಾಲಬದ್ಧ ಬಡ್ತಿ, ಹದಿನೈದು ವರ್ಷಗಳಾದವರಿಗೆ ಸ್ವಯಂಚಾಲಿತ ವಿಶೇಷ ಬಡ್ತಿ, ಆಮೇಲೆ 20, 25 ಮತ್ತು 30 ವರ್ಷಗಳಲ್ಲಿ ಹೆಚ್ಚುವರಿ ವೇತನ ಬಡ್ತಿ ದೊರೆಯುವ ಏರ್ಪಾಡು ರಾಜ್ಯದಲ್ಲಿ ಇದೆ. ಕೇಂದ್ರ ಸರ್ಕಾರದ ನೌಕರರಿಗೆ 2008ರಿಂದ 10, 20, 30 ವರ್ಷಗಳಲ್ಲಿ ವೇತನದ ಮೇಲ್ದರ್ಜೆ ಸಿಗುತ್ತದೆ. ಮುಂದಿನ ಹುದ್ದೆ ಖಾಲಿಯಿಲ್ಲದೆ ನಿಂತುಹೋದವರಿಗೆ ಪರಿಹಾರವಾಗಿ ಬಂದ ಏರ್ಪಾಡುಗಳಿವು. ಇವುಗಳಿಂದ ಸಂಬಳ ಏರುತ್ತದೆ. ಆದರೆ ಹುದ್ದೆ ಅದೇ, ಹೊಣೆ ಅದೇ, ಅಧಿಕಾರ ಅದೇ. ಮೂವತ್ತನೆಯ ವರ್ಷದಲ್ಲಿಯೂ ಆ ವ್ಯಕ್ತಿ ಮೊದಲ ದಿನ ಕುಳಿತ ಮೇಜಿನ ಮುಂದೆಯೇ ಕುಳಿತಿರುತ್ತಾರೆ. ಅವರ ಮೂವತ್ತು ವರ್ಷಗಳ ಅನುಭವದಿಂದ ಆಸ್ಪತ್ರೆ ಏನನ್ನೂ ಹೊಸದಾಗಿ ಪಡೆಯುವುದಿಲ್ಲ. 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ರಾಜ್ಯ 7ನೇ ವೇತನ ಆಯೋಗದ ಶಿಫಾರಸುಗಳು ಕನಿಷ್ಠ ಮೂಲವೇತನವನ್ನು 17,000 ರೂಪಾಯಿಗಳಿಂದ 27,000 ರೂಪಾಯಿಗಳಿಗೆ ಏರಿಸಿದವು. ನೌಕರ ಕುಟುಂಬಗಳಿಗೆ ಅದರಿಂದ ನೆಮ್ಮದಿಯಾಯಿತು. ಆದರೂ ವೇತನ ಪಟ್ಟಿ ಪರಿಷ್ಕೃತವಾದೊಡನೆ ಮೆಟ್ಟಿಲುಗಳು ಹುಟ್ಟಿಕೊಳ್ಳುವುದಿಲ್ಲ.

ಮೆಟ್ಟಿಲುಗಳು ಏಕೆ ಇಷ್ಟು ಕಡಿಮೆ?

ಕಾರಣಗಳು ಹಲವು. ಮೊದಲನೆಯದು ಆಸ್ಪತ್ರೆಯ ರಚನೆಗೆ ಸೇರಿದ್ದು. ಬಯಲುಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡು ಪ್ರದೇಶದಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂಬುದು ರಾಷ್ಟ್ರೀಯ ಮಾನದಂಡ. ಅಂಥ ಕೇಂದ್ರದಲ್ಲಿ ಸಾಮಾನ್ಯವಾಗಿ ಇರುವುದು ಒಬ್ಬರೇ ಲ್ಯಾಬ್ ತಂತ್ರಜ್ಞರು. ಒಂದು ತಾಲ್ಲೂಕಿನಲ್ಲಿ ಹತ್ತು ಕೇಂದ್ರಗಳಿವೆ ಎಂದು ಭಾವಿಸಿದರೆ ಹತ್ತು ಊರುಗಳಲ್ಲಿ ಹತ್ತು ಜನ ಒಂಟಿಯಾಗಿ ದುಡಿಯುತ್ತಾರೆ. ಅವರ ಮೇಲ್ವಿಚಾರಣೆಗೆ ಅದೇ ವಿದ್ಯೆ ಬಲ್ಲ ಹಿರಿಯರು ಬೇಕೆಂದು ನಿಯಮ ರಚಿಸುವಾಗ ಯಾರಿಗೂ ತೋಚದಿದ್ದರೆ, ಅವರಿಗೆ ಏರಲು ಹುದ್ದೆಯೇ ಇರುವುದಿಲ್ಲ. ಕಿರಿಯ ತಂತ್ರಜ್ಞ, ಹಿರಿಯ ತಂತ್ರಜ್ಞ ಎಂಬ ಪದನಾಮಗಳು ಇವೆಯಾದರೂ, ತಳದಲ್ಲಿರುವವರ ಸಂಖ್ಯೆಗೆ ಹೋಲಿಸಿದರೆ ಮೇಲಿನ ಸ್ಥಾನಗಳು ಅತ್ಯಲ್ಪ.

ಎರಡನೆಯದು, ಓದಿಗೂ ಹುದ್ದೆಗೂ ಬಿದ್ದ ಅಂತರ. ಹಿಂದೆ ಈ ಕೆಲಸಗಳಿಗೆ ಡಿಪ್ಲೊಮಾ ಮಾತ್ರ ಇತ್ತು; ನಿಯಮಗಳೂ ಅದಕ್ಕನುಗುಣವಾಗಿ ರೂಪುಗೊಂಡವು. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಇಂದು ಇದೇ ವಿಷಯಗಳಲ್ಲಿ ಪದವಿ, ಸ್ನಾತಕೋತ್ತರ ಪದವಿ ಪಡೆದವರು ಹೊರಬರುತ್ತಿದ್ದಾರೆ. ಹೆಚ್ಚು ಓದಿದವರಿಗೆ ಬೇರೆ ಮೆಟ್ಟಿಲು ಇಲ್ಲದಿದ್ದರೆ ಅವರು ಡಿಪ್ಲೊಮಾ ಅರ್ಹತೆಯ ಹುದ್ದೆಗೇ ಅರ್ಜಿ ಹಾಕುತ್ತಾರೆ. ಇದರಿಂದ ಪದವೀಧರರಿಗೂ ನ್ಯಾಯವಿಲ್ಲ, ಡಿಪ್ಲೊಮಾ ಪಡೆದವರಿಗೂ ನ್ಯಾಯವಿಲ್ಲ.

ಮೂರನೆಯದು ಗುತ್ತಿಗೆ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ ಮೇಲೆ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯಲ್ಲಿ ಗುತ್ತಿಗೆ ನೌಕರರ ಸಂಖ್ಯೆ ಬೆಳೆಯಿತು. 2016ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು ಬಡ ರೋಗಿಗಳಿಗೆ ದೊಡ್ಡ ಆಸರೆಯಾಯಿತು. ಆದರೆ ಅದು ಖಾಸಗಿ ಸಹಭಾಗಿತ್ವದಲ್ಲಿ ನಡೆಯುವುದರಿಂದ, ಸರ್ಕಾರಿ ಆಸ್ಪತ್ರೆಯ ಗೋಡೆಗಳೊಳಗೇ ದುಡಿಯುವ ಡಯಾಲಿಸಿಸ್ ತಂತ್ರಜ್ಞರು ಅನೇಕ ಕಡೆ ಸರ್ಕಾರದ ನೌಕರರಲ್ಲ. ಇವರಿಗೆ ಮೆಟ್ಟಿಲುಗಳು ಕಡಿಮೆಯೆಂದು ಹೇಳಲೂ ಬರುವುದಿಲ್ಲ. ಇವರು ಏಣಿಯ ಹೊರಗೇ ಇದ್ದಾರೆ. ತಾತ್ಕಾಲಿಕ ನೌಕರರು ಕಾಯಮಾತಿಯನ್ನು ಹಕ್ಕಾಗಿ ಕೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2006ರಲ್ಲಿ ತೀರ್ಪಿತ್ತದ್ದು ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ತತ್ವ ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತದೆಂದು ಅದೇ ನ್ಯಾಯಾಲಯ 2016ರಲ್ಲಿ ಹೇಳಿತು. ಈ ಎರಡು ತೀರ್ಪುಗಳ ನಡುವೆ ಸಾವಿರಾರು ಯುವಜನರ ಬದುಕು ವರ್ಷದಿಂದ ವರ್ಷಕ್ಕೆ ನವೀಕರಣವಾಗುತ್ತ ಸಾಗಿದೆ.

ನಾಲ್ಕನೆಯದು ಜ್ಯೇಷ್ಠತಾ ಪಟ್ಟಿಯ ತೊಡಕು. ಬಡ್ತಿ ಮೀಸಲಾತಿಗೆ ಸಂಬಂಧಿಸಿದ ಪವಿತ್ರ ಪ್ರಕರಣದಲ್ಲಿ 2017ರಲ್ಲಿ ಬಂದ ತೀರ್ಪು, ಅನಂತರ ರಾಜ್ಯ ರೂಪಿಸಿದ ಹೊಸ ಕಾಯ್ದೆ, ಅದನ್ನು ಎತ್ತಿಹಿಡಿದ 2019ರ ತೀರ್ಪು ಇವುಗಳಿಂದ ರಾಜ್ಯದ ಇಲಾಖೆಗಳು ಜ್ಯೇಷ್ಠತಾ ಪಟ್ಟಿಗಳನ್ನು ಮತ್ತೆ ಮತ್ತೆ ಪರಿಷ್ಕರಿಸಬೇಕಾಯಿತು. ಸಾಮಾಜಿಕ ನ್ಯಾಯದ ಆ ಪ್ರಶ್ನೆ ಮುಖ್ಯವಾದುದೇ. ಆದರೆ ಇರುವ ಮೆಟ್ಟಿಲೇ ಒಂದೋ ಎರಡೋ ಆದಾಗ, ಪಟ್ಟಿ ಅಂತಿಮಗೊಳ್ಳುವುದರಲ್ಲಿ ಕಳೆದ ವರ್ಷಗಳು ಒಬ್ಬರ ಸೇವಾವಧಿಯ ದೊಡ್ಡ ಪಾಲನ್ನೇ ನುಂಗಿಬಿಡುತ್ತವೆ.

ಏರಬೇಕಾದರೆ ಕೆಲಸ ಬಿಡಬೇಕೆ?

ಇವೆಲ್ಲಕ್ಕಿಂತ ಆಳವಾದ ದೋಷವೊಂದಿದೆ. ನಮ್ಮ ವಿಶ್ಲೇಷಣೆಯ ಮುಖ್ಯ ಅಂಶವೂ ಅದೇ. ನಮ್ಮ ಆಡಳಿತ ಪದ್ಧತಿಯಲ್ಲಿ ಮೇಲೇರುವುದೆಂದರೆ ಬಹುಮಟ್ಟಿಗೆ ಕೈಯ ಕೆಲಸವನ್ನು ಬಿಟ್ಟು ಕಡತದ ಕೆಲಸಕ್ಕೆ ಹೋಗುವುದು. ಒಳ್ಳೆಯ ತಂತ್ರಜ್ಞರಿಗೆ ಬಡ್ತಿ ಸಿಕ್ಕರೆ ಅವರು ಹಾಜರಿ ಪುಸ್ತಕ, ದಾಸ್ತಾನು ವಹಿ, ಮಾಸಿಕ ವರದಿಗಳ ಕಡೆಗೆ ಸರಿಯುತ್ತಾರೆ. ಯಾವ ಕೌಶಲಕ್ಕಾಗಿ ಅವರನ್ನು ಗೌರವಿಸಿದೆವೋ ಆ ಕೌಶಲವೇ ರೋಗಿಯಿಂದ ದೂರವಾಗುತ್ತದೆ. ಕಾಯಕದಲ್ಲಿಯೇ ಉಳಿಯಬಯಸುವವರು ಬಡ್ತಿಯ ಆಸೆ ಬಿಡಬೇಕು. ಬಡ್ತಿ ಬಯಸುವವರು ಕಾಯಕವನ್ನು ಬಿಡಬೇಕು.

ಇದಕ್ಕೆ ಪರ್ಯಾಯ ನಮ್ಮ ನಾಡಿನಲ್ಲಿಯೇ ಇದೆ. ನಮ್ಮ ಭಕ್ತರಲ್ಲಿ ಕಾಲೇಜು ಅಧ್ಯಾಪಕರು ಬಹಳ ಮಂದಿ ಇದ್ದಾರೆ. ಯುಜಿಸಿಯ ವೃತ್ತಿ ಪದೋನ್ನತಿ ಯೋಜನೆಯಡಿ ಸಹಾಯಕ ಪ್ರಾಧ್ಯಾಪಕರು ನಿಗದಿತ ಸೇವಾವಧಿ, ತರಬೇತಿ, ಸಂಶೋಧನೆಗಳ ಮೌಲ್ಯಮಾಪನದ ಮೂಲಕ ಸಹ ಪ್ರಾಧ್ಯಾಪಕರೂ ಪ್ರಾಧ್ಯಾಪಕರೂ ಆಗುವುದುಂಟು. ಮೇಲಿನವರು ನಿವೃತ್ತರಾಗಲೆಂದು ಕಾಯಬೇಕಿಲ್ಲ, ಪಾಠ ಹೇಳುವುದನ್ನು ಬಿಡಬೇಕಿಲ್ಲ. ಕೇಂದ್ರ ಆರೋಗ್ಯ ಸೇವೆಯ ವೈದ್ಯರಿಗೂ ಖಾಲಿ ಹುದ್ದೆಯ ಗೊಡವೆಯಿಲ್ಲದೆ 4, 9, 13 ಮತ್ತು 20ನೆಯ ವರ್ಷಗಳಲ್ಲಿ ಮೇಲ್ದರ್ಜೆ ನೀಡುವ ಪದ್ಧತಿ 2008ರಲ್ಲಿ ವಿಸ್ತಾರಗೊಂಡಿತು. ಅಧ್ಯಾಪಕರಿಗೂ ವೈದ್ಯರಿಗೂ ಸಾಧ್ಯವಾದದ್ದು ಪ್ರಯೋಗಶಾಲೆಯವರಿಗೆ ಸಾಧ್ಯವಿಲ್ಲವೆನ್ನಲು ತಾತ್ವಿಕ ಕಾರಣವೇನೂ ನಮಗೆ ಕಾಣುವುದಿಲ್ಲ.

ಹೊರನಾಡಿನ ಒಂದು ಉದಾಹರಣೆಯನ್ನೂ ನೋಡಬಹುದು. ಏಕೆಂದರೆ ನಮ್ಮ ಫಿಸಿಯೋಥೆರಪಿಸ್ಟರೂ ರೇಡಿಯೋಗ್ರಾಫರರೂ ಅರಸಿಕೊಂಡು ಹೋಗುತ್ತಿರುವ ದೇಶಗಳಲ್ಲಿ ಅದೂ ಒಂದು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯು 2004ರಲ್ಲಿ, ವೈದ್ಯರನ್ನು ಹೊರತುಪಡಿಸಿ ಬಹುತೇಕ ಸಿಬ್ಬಂದಿಯನ್ನು ಒಂಬತ್ತು ‘ಬ್ಯಾಂಡ್’ಗಳ ಒಂದೇ ಏಣಿಗೆ ತಂದಿತು. ಪದವಿ ಪಡೆದು ನೋಂದಾಯಿತರಾದ ಫಿಸಿಯೋಥೆರಪಿಸ್ಟ್ ಅಥವಾ ರೇಡಿಯೋಗ್ರಾಫರ್ ಸಾಮಾನ್ಯವಾಗಿ 5ನೇ ಬ್ಯಾಂಡಿನಲ್ಲಿ ಸೇರುತ್ತಾರೆ. ಒಂದು ಶಾಖೆಯಲ್ಲಿ ವಿಶೇಷ ಪರಿಣತಿ ಪಡೆದರೆ 6, ಉನ್ನತ ಮಟ್ಟದ ಚಿಕಿತ್ಸಾ ಹೊಣೆ ಹೊತ್ತರೆ 7, ತಮ್ಮ ವಿದ್ಯೆಯಲ್ಲಿ ಸಲಹಾತಜ್ಞರಾದರೆ 8ನೇ ಬ್ಯಾಂಡು. ಪ್ರತಿ ಹುದ್ದೆಯ ತೂಕವನ್ನು 16 ಅಂಶಗಳಿಂದ ಅಳೆಯುತ್ತಾರೆ. ಜ್ಞಾನ, ಹೊಣೆಗಾರಿಕೆಗಳ ಜೊತೆಗೆ ದೇಹಶ್ರಮ, ಮನಸ್ಸಿನ ಮೇಲೆ ಬೀಳುವ ಭಾರ, ಕೆಲಸದ ಪರಿಸರ ಇವೂ ಆ ಲೆಕ್ಕಕ್ಕೆ ಬರುತ್ತವೆ. ಉನ್ನತ ಮಟ್ಟದ ವೃತ್ತಿಪರರಿಂದ ನಾಲ್ಕು ಬಗೆಯ ಕೆಲಸವನ್ನು ನಿರೀಕ್ಷಿಸುತ್ತಾರೆ: ರೋಗಿಯ ಸೇವೆ, ನಾಯಕತ್ವ, ಬೋಧನೆ, ಸಂಶೋಧನೆ. ಇವುಗಳಲ್ಲಿ ರೋಗಿಯ ಸೇವೆಯೇ ಮೊದಲನೆಯದು. ಅಲ್ಲಿಯೂ ವೇತನದ ಅಸಮಾಧಾನಗಳಿವೆ, ಮುಷ್ಕರಗಳೂ ನಡೆದಿವೆ. ಅದನ್ನು ಹಾಗೆಯೇ ತಂದು ನೆಡಬೇಕೆಂದು ನಾವು ಹೇಳುತ್ತಿಲ್ಲ. ಕೈಯ ಕೌಶಲವನ್ನು ಬಿಡದೆಯೇ ಹಿರಿತನ ಪಡೆಯುವ ದಾರಿಯನ್ನು ಸರ್ಕಾರಿ ವ್ಯವಸ್ಥೆಯೊಂದು ನಿಯಮವಾಗಿ ಬರೆದಿಡಬಹುದೆಂಬುದಕ್ಕೆ ಅದು ಸಾಕ್ಷಿ.

ಕಾಯಕ ತತ್ವದ ಬೆಳಕಿನಲ್ಲಿ

ಇಲ್ಲಿ ಕೆಲವು ಭಕ್ತರಿಗೆ ಒಂದು ಸಂಶಯ ಬರಬಹುದು. ಕಾಯಕದಲ್ಲಿ ಮೇಲು-ಕೀಳು ಇಲ್ಲವೆಂದು ಶರಣರು ಸಾರಿದ ಮೇಲೆ, ಮೆಟ್ಟಿಲುಗಳ ಮಾತೇಕೆ? ಎಲ್ಲರೂ ಸಮಾನರೆಂದ ಧರ್ಮ ಶ್ರೇಣಿಯನ್ನು ಬೇಡಬಹುದೇ?

ಸಂಶಯ ಯೋಗ್ಯವಾದದ್ದು, ಉತ್ತರವೂ ನಮ್ಮ ಪರಂಪರೆಯಲ್ಲಿದೆ. ಅನುಭವ ಮಂಟಪದಲ್ಲಿ ವೈದ್ಯ ಸಂಗಣ್ಣನೂ ಮಡಿವಾಳ ಮಾಚಿದೇವನೂ ಅಂಬಿಗರ ಚೌಡಯ್ಯನೂ ಒಂದೇ ನೆಲದ ಮೇಲೆ ಕುಳಿತರು. ಅದು ವ್ಯಕ್ತಿಯ ಘನತೆಯಲ್ಲಿ ಸಮಾನತೆ. ಅದೇ ಶರಣರು ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳ ಸೋಪಾನವನ್ನೂ ನಮಗೆ ಕೊಟ್ಟರು. ಆ ಸೋಪಾನ ಹುಟ್ಟನ್ನು ಕೇಳುವುದಿಲ್ಲ, ಸಾಧನೆಯನ್ನು ಕೇಳುತ್ತದೆ. ಮೊದಲ ಸ್ಥಲದಲ್ಲಿ ನಿಂತವರಿಗೆ ಕೊನೆಯ ಸ್ಥಲದ ಬಾಗಿಲು ಎಂದೂ ಮುಚ್ಚಿರುವುದಿಲ್ಲ. ಶರಣರು ಕೆಡವಿದ್ದು ಗೋಡೆಗಳನ್ನು, ಸೋಪಾನಗಳನ್ನಲ್ಲ. ಇಂದು ಸರ್ಕಾರಿ ಆಸ್ಪತ್ರೆಯ ತಂತ್ರಜ್ಞರ ಮುಂದಿರುವುದು ಗೋಡೆ. ನಾವು ಕೇಳುತ್ತಿರುವುದು ಸೋಪಾನವನ್ನು.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಪ್ರವಚನಗಳಲ್ಲಿ ನಾವೆಲ್ಲ ಕೇಳಿದ್ದೇವೆ. ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದದ್ದು ನಮ್ಮದಲ್ಲವೆಂದು ಆ ತಾಯಿ ಹಿಂದಿರುಗಿಸಲು ಹೇಳಿದಳು. ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ದುಡಿಯುವವರ ಸಂಯಮಕ್ಕೆ ಪಾಠವೆಂದು ಬೋಧಿಸುತ್ತೇವೆ. ದುಡಿಸಿಕೊಳ್ಳುವವರಿಗೂ ಅದು ಪಾಠವೇ. ಕಾಯಂ ನೌಕರರಷ್ಟೇ ಕೆಲಸವನ್ನು ಗುತ್ತಿಗೆ ನೌಕರರಿಂದ ಪಡೆದು, ಅವರಿಗೆ ಕಾಯಂ ನೌಕರರ ವೇತನವನ್ನಾಗಲಿ ಮುನ್ನಡೆಯನ್ನಾಗಲಿ ಕೊಡದಿರುವಾಗ, ತಮಗೆ ಸಲ್ಲದ ಅಕ್ಕಿಯನ್ನು ಮನೆಗೆ ತಂದವರು ಯಾರು? ಸತ್ಯಶುದ್ಧ ಕಾಯಕದ ನಿಯಮ ಉದ್ಯೋಗದಾತರಿಗೂ ಅನ್ವಯಿಸುತ್ತದೆ. ಆಸ್ಪತ್ರೆಗಳನ್ನೂ ಆರೋಗ್ಯ ವಿಜ್ಞಾನ ಕಾಲೇಜುಗಳನ್ನೂ ನಡೆಸುವ ಮಠಮಾನ್ಯಗಳು ಈ ನಿಯಮದ ಹೊರಗಿಲ್ಲ. ಸರ್ಕಾರದ ಮುಂದೆ ಈ ಮಾತನ್ನಾಡುವ ಅಧಿಕಾರ ನಮಗೆ ಬರುವುದು ನಮ್ಮ ಸಂಸ್ಥೆಗಳಲ್ಲಿ ಅದನ್ನು ನಡೆಸಿದಾಗಲೇ.

ಎದುರಾಗುವ ಆಕ್ಷೇಪಗಳು

ಹಣಕಾಸು ಇಲಾಖೆಯ ಆಕ್ಷೇಪವನ್ನು ಹಗುರವಾಗಿ ಕಾಣಬಾರದು. ಹೊಸ ಹುದ್ದೆಗಳೆಂದರೆ ಹೊಸ ವೆಚ್ಚ. ಅದು ವರ್ಷ ವರ್ಷವೂ ಬೆಳೆಯುವ ವೆಚ್ಚ. ಆದರೆ ಹತ್ತು, ಹದಿನೈದು, ಇಪ್ಪತ್ತು ವರ್ಷಗಳ ವೇತನ ಬಡ್ತಿಗಾಗಿ ಸರ್ಕಾರ ಈಗಾಗಲೇ ಹಣ ಕೊಡುತ್ತಿದೆ. ಆ ಹಣಕ್ಕೆ ಪ್ರತಿಯಾಗಿ ಹೆಚ್ಚಿನ ಹೊಣೆಯನ್ನು ಪಡೆಯುತ್ತಿಲ್ಲ, ಅಷ್ಟೇ. ಇರುವ ಹುದ್ದೆಯನ್ನೇ ಅಲ್ಲಿಯೇ ಮೇಲ್ದರ್ಜೆಗೇರಿಸಿ, ಹೆಚ್ಚಿನ ವೇತನದೊಡನೆ ಹೆಚ್ಚಿನ ಹೊಣೆಯನ್ನೂ ವಹಿಸಿದರೆ ವೆಚ್ಚದ ಅಂತರ ತೋರುವಷ್ಟು ದೊಡ್ಡದಾಗಿರಲಾರದು. ತಾಲ್ಲೂಕಿನ ಹತ್ತು ಪ್ರಯೋಗಶಾಲೆಗಳ ಗುಣಮಟ್ಟ ಪರಿಶೀಲನೆ, ಹೊಸಬರ ತರಬೇತಿ, ಯಂತ್ರಗಳ ನಿಖರತೆಯ ತಪಾಸಣೆ, ಕ್ಷ-ಕಿರಣ ಕೊಠಡಿಗಳ ವಿಕಿರಣ ಸುರಕ್ಷತೆ ಇವೆಲ್ಲ ಯಾರಾದರೂ ಮಾಡಲೇಬೇಕಾದ ಕೆಲಸಗಳು. ಇವುಗಳನ್ನು ಮಾಡಲು ಇಪ್ಪತ್ತು ವರ್ಷ ಅದೇ ಕಾಯಕ ಮಾಡಿದವರಿಗಿಂತ ಅರ್ಹರು ಯಾರು?

ಇನ್ನೊಂದು ಮಾತನ್ನು ನೌಕರ ಬಂಧುಗಳಿಗೂ ಹೇಳಬೇಕು. ಬಡ್ತಿ ಕೇವಲ ವರ್ಷಗಳ ಎಣಿಕೆಯಾದರೆ ಅದು ಮತ್ತೊಂದು ಬಗೆಯ ವೇತನ ಬಡ್ತಿಯೇ ಆಗುತ್ತದೆ. ಮೌಲ್ಯಮಾಪನವನ್ನು, ನಿರಂತರ ಕಲಿಕೆಯನ್ನು, ನೋಂದಣಿಯ ನವೀಕರಣವನ್ನು ಒಪ್ಪಿಕೊಂಡಾಗಲೇ ಮೆಟ್ಟಿಲಿಗೆ ಬೆಲೆ. ಷಟ್‌ಸ್ಥಲದಲ್ಲಿ ವಯಸ್ಸಾದ ಮಾತ್ರಕ್ಕೆ ಯಾರೂ ಮುಂದಿನ ಸ್ಥಲಕ್ಕೆ ಹೋಗುವುದಿಲ್ಲ.

ಆಗಬೇಕಾದುದು

ಸರ್ಕಾರದಿಂದ ಆಗಬೇಕಾದ ಕೆಲಸಗಳು ಸ್ಪಷ್ಟವಾಗಿವೆ. 2021ರ ಕಾಯ್ದೆ ಗುರುತಿಸಿದ ವೃತ್ತಿಗಳಿಗೆ ಹೊಂದುವಂತೆ ವೃಂದ ಮತ್ತು ನೇಮಕಾತಿ ನಿಯಮಗಳನ್ನು ಪರಿಷ್ಕರಿಸಬೇಕು. ಡಿಪ್ಲೊಮಾ ಮತ್ತು ಪದವಿಗಳಿಗೆ ಪ್ರತ್ಯೇಕ ಪ್ರವೇಶ ಮೆಟ್ಟಿಲುಗಳಿರಬೇಕು. ಸೇವೆಯಲ್ಲಿದ್ದುಕೊಂಡೇ ಓದಿ ಮೊದಲನೆಯದರಿಂದ ಎರಡನೆಯದಕ್ಕೆ ದಾಟಲು ಸೇತುವೆಯಿರಬೇಕು. ಪ್ರತಿ ವೃತ್ತಿಗೂ ತಾಲ್ಲೂಕು, ಜಿಲ್ಲೆ, ರಾಜ್ಯ ಮಟ್ಟಗಳಲ್ಲಿ ಅದೇ ವೃತ್ತಿಯವರ ಮೇಲ್ವಿಚಾರಣಾ ಹುದ್ದೆಗಳಿರಬೇಕು. ಗುತ್ತಿಗೆಯಲ್ಲಿ ಕಳೆದ ವರ್ಷಗಳಿಗೆ ನೇರ ನೇಮಕಾತಿಯ ವೇಳೆ ನ್ಯಾಯವಾದ ತೂಕವಿರಬೇಕು. ಜ್ಯೇಷ್ಠತಾ ಪಟ್ಟಿಗಳು ಕಾಲಕಾಲಕ್ಕೆ ಪ್ರಕಟವಾಗಬೇಕು.

ಮಕ್ಕಳನ್ನು ಈ ಕ್ಷೇತ್ರಕ್ಕೆ ಕಳುಹಿಸಲು ಬಯಸುವ ತಂದೆತಾಯಿಗಳು ಸೀಟು ಪಡೆಯುವ ಮುನ್ನ ಕೆಲವು ವಿಷಯಗಳನ್ನು ವಿಚಾರಿಸಿಕೊಳ್ಳುವುದು ಒಳಿತು. ಆ ಕೋರ್ಸು ಕಾಯ್ದೆಯ ಅನುಸೂಚಿಯಲ್ಲಿರುವ ವೃತ್ತಿಗೆ ಸೇರಿದೆಯೇ? ಅದರ ಪ್ರಮಾಣಪತ್ರದಿಂದ ರಾಜ್ಯ ಪರಿಷತ್ತಿನಲ್ಲಿ ನೋಂದಣಿ ದೊರೆಯುವುದೇ? ಕಾಲೇಜಿಗೆ ತರಬೇತಿ ನೀಡುವಷ್ಟು ರೋಗಿಗಳಿರುವ ಆಸ್ಪತ್ರೆಯ ಸಂಪರ್ಕವಿದೆಯೇ? ಡಿಪ್ಲೊಮಾ ಮುಗಿಸಿದವರಿಗೆ ಪದವಿಯ ಎರಡನೆಯ ವರ್ಷಕ್ಕೆ ನೇರ ಪ್ರವೇಶದ ಅವಕಾಶವಿದೆಯೇ? ಮನೆಯಲ್ಲೇ ಕುಳಿತು ಓದಬಹುದಾದ ಆರೋಗ್ಯ ಕೋರ್ಸೆಂದು ಯಾರಾದರೂ ಜಾಹೀರಾತು ನೀಡಿದರೆ ಅದರಿಂದ ದೂರವಿರಬೇಕು. ಈಗಾಗಲೇ ಸೇವೆಯಲ್ಲಿರುವ ತರುಣರು ತಮ್ಮ ನೋಂದಣಿ, ತರಬೇತಿ ಹಾಗೂ ಅನುಭವದ ಪ್ರಮಾಣಪತ್ರಗಳನ್ನು ವರ್ಷ ವರ್ಷವೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ಗುತ್ತಿಗೆ ನೌಕರರಂತೂ ನೇಮಕಾತಿ ಆದೇಶ, ನವೀಕರಣ ಪತ್ರಗಳಲ್ಲಿ ಒಂದನ್ನೂ ಕಳೆದುಕೊಳ್ಳಬಾರದು. ಸೇವೆಯ ತೂಕವನ್ನು ಕೇಳುವ ದಿನ ಬಂದಾಗ ಅವೇ ಸಾಕ್ಷಿ.

ಸಮಾಜದವರಾಗಿ ನಮ್ಮಿಂದ ಆಗಬೇಕಾದದ್ದೂ ಇದೆ. ಆಸ್ಪತ್ರೆಯ ಉದ್ಘಾಟನೆಗಳಲ್ಲಿ ನಾವು ಕಟ್ಟಡವನ್ನೂ ಯಂತ್ರವನ್ನೂ ಕೇಳುತ್ತೇವೆ. ಯಂತ್ರವನ್ನು ನಡೆಸುವವರ ಹುದ್ದೆ ಮಂಜೂರಾಗಿದೆಯೇ, ಅದು ಕಾಯಂ ಹುದ್ದೆಯೇ ಎಂದು ಜನಪ್ರತಿನಿಧಿಗಳನ್ನು ಕೇಳುವುದಿಲ್ಲ. ಇನ್ನು ಮುಂದೆ ಅದನ್ನೂ ಕೇಳೋಣ. ಆರೋಗ್ಯ ರಕ್ಷಾ ಸಮಿತಿಗಳಲ್ಲಿರುವ ನಮ್ಮ ಬಂಧುಗಳು ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಲಿ. ದಾಸೋಹವೆಂದರೆ ಅನ್ನ ನೀಡುವುದು ಮಾತ್ರವಲ್ಲವೆಂದು ಪೂಜ್ಯರು ಮತ್ತೆ ಮತ್ತೆ ಹೇಳುತ್ತಾರೆ. ದುಡಿಯುವವರಿಗೆ ಸಲ್ಲಬೇಕಾದುದು ಸಲ್ಲುವಂತೆ ನೋಡಿಕೊಳ್ಳುವುದೂ ದಾಸೋಹವೇ.

ಇಂದು ಪ್ರಯೋಗಶಾಲೆಗೆ ಸೇರುವ ಹುಡುಗಿಗೆ ಮೂವತ್ತು ವರ್ಷಗಳ ನಂತರವೂ ಸೂಕ್ಷ್ಮದರ್ಶಕದ ಮುಂದೆ ಕುಳಿತುಕೊಳ್ಳುವ ಸಂತೋಷ ಉಳಿದಿರಲಿ. ಆ ಹೊತ್ತಿಗೆ ಅವಳು ತಾಲ್ಲೂಕಿನ ಎಲ್ಲ ಪ್ರಯೋಗಶಾಲೆಗಳಿಗೂ ಗುರುವಾಗಿರಲಿ. ಆ ಗುರುಸ್ಥಾನಕ್ಕೆ ಸರ್ಕಾರದ ನಿಯಮ ಪುಸ್ತಕದಲ್ಲಿ ಒಂದು ಹೆಸರೂ ಒಂದು ವೇತನ ಶ್ರೇಣಿಯೂ ಇರಲಿ. ನಮ್ಮ ಬೇಡಿಕೆ ಇಷ್ಟೇ.

ಕಾರ್ಯದರ್ಶಿಗಳು, ಶ್ರೀಮಠ